ಒಬ್ಬಳೇ ಹೋದಳೋ, ಜೊತೆಯಲ್ಲೋ? ಒಂದಕ್ಷರ ಹೇಳುತ್ತದೆ

ಕೊರಿಯನ್ ಧಾರಾವಾಹಿ ನೋಡುವ ಮಕ್ಕಳು ಈಗ ಅನೇಕ ಮನೆಗಳಲ್ಲಿದ್ದಾರೆ. ನಮ್ಮ ಮನೆಯಲ್ಲೂ ಒಬ್ಬಳಿದ್ದಾಳೆ. ಆಕೆಯ ಜೊತೆ ನಾನೂ ಆ ಭಾಷೆಯ ಪಾಠ ಓದುತ್ತಿದ್ದೇನೆ. ನಮ್ಮಲ್ಲಿಯಂತೆಯೇ ಅಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ.

‘ಕೈ ತೊಳೆದು ಊಟ ಮಾಡಿದೆ’ ಎನ್ನುವಾಗ ನಾವು ‘ಮತ್ತು’ ಸೇರಿಸುವುದಿಲ್ಲ. ‘ತೊಳೆದು’ ಎಂದರೆ ಸಾಕು, ಯಾವುದು ಮೊದಲು ಎಂದು ತಿಳಿಯುತ್ತದೆ. ಕೊರಿಯನ್ನರೂ ಮೊದಲ ಕ್ರಿಯಾಪದಕ್ಕೆ ಒಂದು ಪ್ರತ್ಯಯ ಅಂಟಿಸುತ್ತಾರೆ. ಆದರೆ ಅವರಲ್ಲಿ ಅಂಥವು ಮುಖ್ಯವಾಗಿ ಎರಡು: ‘ಗೊ’ ಮತ್ತು ‘ಸೊ’.

‘ಗೊ’ ಬರೀ ಸರದಿ ಹೇಳುತ್ತದೆ: ಇದಾಯಿತು, ಆಮೇಲೆ ಅದಾಯಿತು. ‘ಸೊ’ ಬಂದರೆ ಎರಡನೆಯ ಕೆಲಸ ಮೊದಲನೆಯದಕ್ಕೆ ಅಂಟಿಕೊಂಡೇ ನಡೆದಿದೆ ಎಂದರ್ಥ.

ಕೊರಿಯದ ಹುಡುಗಿಯೊಬ್ಬಳು ಸಂಜೆ ತಡವಾಗಿ ಮನೆಗೆ ಬಂದಳು ಎನ್ನಿ. ‘ಎಲ್ಲಿಗೆ ಹೋಗಿದ್ದೆ?’ ಎಂದು ಅಮ್ಮ ಕೇಳುತ್ತಾಳೆ.

‘ಚಿಂಗುರುಲ್ ಮನ್ನಾಗೊ ದೊಸೊಗ್ವಾನೆ ಗಸ್ಸೊಯೊ’ ಎಂದರೆ, ಗೆಳತಿಯನ್ನು ಕಂಡೆ, ಅದು ಮುಗಿದ ಮೇಲೆ ಗ್ರಂಥಾಲಯಕ್ಕೆ ಹೋದೆ ಎಂದು. ಗೆಳತಿ ಜೊತೆಗಿದ್ದಳೆಂದು ಈ ಮಾತು ಹೇಳುವುದಿಲ್ಲ.

‘ಮನ್ನಾಗೊ’ ಬದಲು ‘ಮನ್ನಾಸೊ’ ಎಂದರೆ, ಗೆಳತಿಯನ್ನು ಕಂಡು ಇಬ್ಬರೂ ಕೂಡಿ ಹೋದೆವು ಎಂದು. ಕಾಯುವ ತಾಯಿಗೆ ಆ ಒಂದಕ್ಷರ ಎಷ್ಟು ಸಮಾಧಾನ ನೋಡಿ!

ಕನ್ನಡದ ‘ಗೆಳತಿಯನ್ನು ಭೇಟಿಯಾಗಿ ಗ್ರಂಥಾಲಯಕ್ಕೆ ಹೋದೆ’ ಎಂಬ ಮಾತಿನಲ್ಲಿ ಇದು ಸ್ಪಷ್ಟವಾಗದು. ನಾವು ‘ಒಬ್ಬಳೇ’ ಎಂದೋ ‘ಅವಳ ಜೊತೆ’ ಎಂದೋ ಸೇರಿಸಬೇಕು.

ಪೇಟೆಗೆ ಹೋಗಿ ಅಲ್ಲೇ ಸೇಬು ಕೊಂಡರೆ ‘ಗಾಸೊ’, ಅಂದರೆ ‘ಹೋಗಿ’. ಹೋಗದೆ ಆ ಸೇಬು ಸಿಗುತ್ತಿರಲಿಲ್ಲ, ಆದ್ದರಿಂದ ಇಲ್ಲಿ ‘ಸೊ’. ಇನ್ನೊಂದು ಹೋಲಿಕೆಯೂ ಉಂಟು. ‘ಹೋಗಿ ತಂದೆ’, ‘ಹೋಗಿ ತರುತ್ತೇನೆ’ ಎರಡರಲ್ಲೂ ನಮ್ಮ ‘ಹೋಗಿ’ ಬದಲಾಗುವುದಿಲ್ಲ. ಅವರ ‘ಗಾಸೊ’ ಕೂಡ ಹಾಗೆಯೇ. ನಿನ್ನೆಯೋ ನಾಳೆಯೋ ಎಂಬುದನ್ನು ಕೊನೆಯ ಕ್ರಿಯಾಪದವೇ ಹೇಳುತ್ತದೆ.

ಮಕ್ಕಳಿಗೆ ಇಷ್ಟವಾಗುವ ಪ್ರತ್ಯಯ ‘ಜಾಮಾಜಾ’. ನಮ್ಮ ‘ಕೂಡಲೇ’ ಇದ್ದಂತೆ. ಮನೆಗೆ ಬಂದ ಕೂಡಲೇ ಮೊಬೈಲ್ ಹಿಡಿಯುವವರಿಗೆ ಸರಿಯಾಗಿ ಹೊಂದುತ್ತದೆ!

ಇಂದು ರಾತ್ರಿ ಅಜ್ಜ, ಅಜ್ಜಿ, ಮಕ್ಕಳು ಒಂದು ಆಟ ಆಡಿ. ದಿನದ ಎರಡೆರಡು ಕೆಲಸ ಜೋಡಿಸಿ ಹೇಳಿ. ಬರೀ ಸರದಿಯಾದರೆ ‘ಗೊ’, ಒಂದಕ್ಕೊಂದು ಅಂಟಿದ್ದರೆ ‘ಸೊ’ ಎಂದು ಕೂಗಿ. ಕೊರಿಯನ್ ಬಾರದಿದ್ದರೂ ಪರವಾಗಿಲ್ಲ; ನಮ್ಮ ಕನ್ನಡವನ್ನೇ ಇನ್ನಷ್ಟು ಗಮನವಿಟ್ಟು ಕೇಳುತ್ತೀರಿ.