ಬೆಲೆ ಬದಲಾದರೂ ಪರದೆ ಬದಲಾಗದೇಕೆ?

ಡಬ್ಲ್ಯುಪಿಎಫ್‌ನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕೋಡ್‌ನಲ್ಲಿ ಬೆಲೆ 40ರಿಂದ 45 ಆಗುತ್ತದೆ, ಪರದೆಯಲ್ಲಿ ಮಾತ್ರ 40 ಹಾಗೇ ಇರುತ್ತದೆ. ಏಕೆ ಹೀಗೆ?

ಬೈಂಡಿಂಗ್ ನಿಮ್ಮ ಬೆಲೆಯನ್ನು ಸದಾ ನೋಡುತ್ತಾ ಕೂತಿರುವುದಿಲ್ಲ. ಮೊದಲು ಒಮ್ಮೆ ಓದಿ ತೋರಿಸುತ್ತದೆ. ಆಮೇಲೆ ಸುದ್ದಿ ಬಂದರಷ್ಟೇ ಮತ್ತೆ ಓದುತ್ತದೆ. ಹಾಲಿನವನು ಬೆಲ್ ಒತ್ತದೆ ಪ್ಯಾಕೆಟ್ಟನ್ನು ಬಾಗಿಲಲ್ಲಿಟ್ಟು ಹೋದರೆ ಒಳಗಿದ್ದವರಿಗೆ ತಿಳಿಯುವುದು ಹೇಗೆ? ಆ ಬೆಲ್ಲೇ ‘ಪ್ರಾಪರ್ಟಿಚೇಂಜ್ಡ್’ ಎಂಬ ಈವೆಂಟ್. ನಿಮ್ಮ ಕ್ಲಾಸ್ ‘ಐನೋಟಿಫೈಪ್ರಾಪರ್ಟಿಚೇಂಜ್ಡ್’ ಇಂಟರ್‌ಫೇಸನ್ನು ಅಳವಡಿಸಿಕೊಂಡು, ಬೆಲೆಯ ಸೆಟ್ಟರ್‌ನೊಳಗಿಂದ ಪ್ರಾಪರ್ಟಿಯ ಹೆಸರಿನೊಡನೆ ಈ ಈವೆಂಟನ್ನು ಹೊರಡಿಸಬೇಕು. ಆ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಪರದೆ ಕದಲದು, ದೂರನ್ನೂ ಹೇಳದು. ತಲೆ ಕೆಡಿಸುವುದು ಇದೇ. ಆದ್ದರಿಂದ ಹೆಸರನ್ನು ಕೈಯಲ್ಲಿ ಟೈಪ್ ಮಾಡದೆ ‘ನೇಮ್‌ಆಫ್’ ಬಳಸಿ.

ಪಟ್ಟಿಗೆ ಸೇರಿಸಿದ ಹೊಸ ಸಾಲು ಕಾಣದಿದ್ದರೆ ‘ಲಿಸ್ಟ್’ ಬಿಟ್ಟು ‘ಅಬ್ಸರ್ವಬಲ್‌ಕಲೆಕ್ಷನ್’ಗೆ ಬನ್ನಿ. ಬೈಂಡಿಂಗ್‌ನ ಪಾತ್ ತಪ್ಪಿದ್ದರೂ ಪ್ರೋಗ್ರಾಂ ನಿಲ್ಲುವುದಿಲ್ಲ. ಡೀಬಗ್ ಮಾಡುವಾಗ ವಿಷುಯಲ್ ಸ್ಟುಡಿಯೋದ ಔಟ್‌ಪುಟ್ ಕಿಟಕಿಯಲ್ಲಿ ಒಂದು ಸಾಲು ಬಿದ್ದಿರುತ್ತದೆ, ಅಷ್ಟೆ. ಮೊದಲು ಅದನ್ನೇ ನೋಡಿ. ಇನ್ನು, ಟೆಕ್ಸ್ಟ್‌ಬಾಕ್ಸ್‌ನಲ್ಲಿ ಟೈಪ್ ಮಾಡಿದ್ದು ಕೋಡ್‌ಗೆ ತಲುಪುವುದು ಸಾಮಾನ್ಯವಾಗಿ ಕರ್ಸರ್ ಅಲ್ಲಿಂದ ಹೊರಬಿದ್ದ ಮೇಲೆಯೇ. ಅದು ದೋಷವಲ್ಲ.