ಹಳೆಯ ಬಣ್ಣ ಕಳಚುವ ಮುನ್ನ

ಮೂವತ್ತು ವರ್ಷಗಳಿಗೂ ಮೀರಿ ಕನ್ನಡ ಪಾಠ ಹೇಳಿದವನು ಮೋಟಾರು ಕಾರಿನ ಬಣ್ಣ ತೆಗೆಯುವ ವಿಚಾರ ಮಾತನಾಡಹೊರಟರೆ ಕೇಳುವವರಿಗೆ ಸೋಜಿಗವೆನಿಸುವುದು ಸಹಜ. ನಿವೃತ್ತನಾದ ಮೇಲೆ ನನ್ನೊಡನೆ ಉಳಿದದ್ದು ಕಪಾಟು ತುಂಬ ಪುಸ್ತಕಗಳು ಮತ್ತು ಒಂದು ಹಳೆಯ ಅಂಬಾಸಿಡರ್ ಕಾರು. ಅದಕ್ಕೆ ಹೊಸ ಬಣ್ಣ ಬಳಿಸುವ ಹಂಬಲದಲ್ಲಿ ನಾನು ಮಾಡಿದ ಒಂದು ತಪ್ಪು, ಕಣ್ಣಾರೆ ಕಂಡ ಒಂದು ಅಪಾಯ, ಇವೆರಡೇ ಈ ಭಾಷಣಕ್ಕೆ ಕಾರಣ.

ಮೊದಲು ತಪ್ಪಿನ ಮಾತು. ಸಣ್ಣಪುಟ್ಟ ಭಾಗಗಳನ್ನು ಮನೆಯಲ್ಲೇ ಶುಚಿಮಾಡೋಣವೆಂದು ಬಕೆಟ್ಟಿನ ನೀರಿಗೆ ಕಾಸ್ಟಿಕ್ ಸೋಡಾ ಬೆರೆಸಿದೆ. ಎಣ್ಣೆಯಿಂದಾದ ಹಳೆಯ ಬಣ್ಣವನ್ನು ಈ ಕ್ಷಾರ ಸಾಬೂನಾಗಿ ಮಾರ್ಪಡಿಸಿ ಸಡಿಲಗೊಳಿಸುತ್ತದೆ. ಉಕ್ಕಿನ ಪಟ್ಟಿಯೊಂದು ಅಂದವಾಗಿ ಹೊರಬಂತು. ಆ ಉತ್ಸಾಹದಲ್ಲಿ, ಯಾರೋ ಹಿಂದೆ ಬಣ್ಣ ಬಳಿದಿದ್ದ ಅಲ್ಯೂಮಿನಿಯಂ ಮುಚ್ಚಳವೊಂದನ್ನು ಮುಳುಗಿಸಿ ಮಲಗಿದೆ. ಬೆಳಗಾಗುವಷ್ಟರಲ್ಲಿ ಅದು ಸಿಡುಬು ಬಂದ ಮುಖದಂತಾಗಿತ್ತು. ಕ್ಷಾರವು ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಆಗ ಹೊರಡುವ ಗುಳ್ಳೆಗಳು ಕಿಡಿ ತಾಗಿದರೆ ಉರಿಯುವ ಜಲಜನಕ. ಸತುವಿಗೂ ಇದೇ ಗತಿ. ಆದ್ದರಿಂದ ಮೊದಲು ಒಂದು ಅಯಸ್ಕಾಂತ ಹಿಡಿದು ನೋಡಬೇಕು. ಅಂಟಿಕೊಳ್ಳದ ಲೋಹವನ್ನು ಕಾಸ್ಟಿಕ್ಕಿನ ಹತ್ತಿರ ಒಯ್ಯಬಾರದು. ಅಂಟಿಕೊಂಡರೂ ಮೇಲೆ ಸತುವಿನ ಲೇಪವಿದ್ದರೆ ಆ ಲೇಪ ಹೋಗುತ್ತದೆ. ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು, ಅದರ ಮೇಲೆ ನೀರು ಸುರಿಯಬಾರದು. ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ.

ಇನ್ನು ಅಪಾಯದ ಮಾತು. ಬಾನೆಟ್ಟು, ಬಾಗಿಲುಗಳನ್ನು ಊರಿನ ಷೆಡ್ಡೊಂದಕ್ಕೆ ಒಪ್ಪಿಸಿದ್ದೆ. ಅಲ್ಲಿ ಡಬ್ಬಿಯ ಪೇಂಟ್ ರಿಮೂವರ್ ಬಳಿದರು. ಹತ್ತು ನಿಮಿಷದಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿ ಎದ್ದಿತು, ನಾನು ಬೆರಗಾದೆ. ಹೊರಗೆ ಜಡಿಮಳೆ, ಬಾಗಿಲು ಮುಚ್ಚಿತ್ತು. ನೆಲದ ಮೇಲೆ ಕುಳಿತು ಕೆರೆಯುತ್ತಿದ್ದ ಹುಡುಗ ಸ್ವಲ್ಪ ಹೊತ್ತಿಗೆ ತಲೆ ಹಿಡಿದು ವಾಲಿದ. ಮೇಸ್ತ್ರಿ ಅವನನ್ನು ಹೊರಗೆಳೆದು ತಂದರು. ಸುಧಾರಿಸಿಕೊಂಡ ಹುಡುಗ, "ಬೆಳಿಗ್ಗೆ ಏನೂ ತಿಂದಿರಲಿಲ್ಲ ಸಾರ್, ಅದಕ್ಕೇ" ಎಂದ. ನಾನೂ ನಂಬಿಬಿಡುತ್ತಿದ್ದೆ. ಆದರೆ ಅಕ್ಷರ ಕಂಡಲ್ಲಿ ಓದುವುದು ನನ್ನ ಹಳೆಯ ಚಾಳಿ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಮೆಥಿಲೀನ್ ಕ್ಲೋರೈಡ್ ಎಂದಿತ್ತು.

ಡೈಕ್ಲೋರೋಮೀಥೇನ್ ಎಂಬುದೂ ಅದೇ. ಹೆಸರು ಎರಡು, ವಸ್ತು ಒಂದು. ಸುಮಾರು 40 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವ ಈ ದ್ರವ ನಮ್ಮ ಸೆಕೆಗೆ ಬೇಗ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ, ನೆಲಮಟ್ಟದಲ್ಲೇ ತಂಗುತ್ತದೆ. ಹುಡುಗ ಕುಳಿತಿದ್ದುದು ಅಲ್ಲಿಯೇ. ದೇಹದೊಳಗೆ ಹೊಕ್ಕದ್ದರಲ್ಲಿ ಒಂದು ಭಾಗ ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಟ್ಟು ರಕ್ತದ ಪ್ರಾಣವಾಯುವಿಗೆ ಅಡ್ಡಬರುತ್ತದೆ. ಮೂಗಿಗೆ ಕಟ್ಟಿದ ಬಟ್ಟೆ ಇದನ್ನು ತಡೆಯದು. ಸಾಧಾರಣ ರಬ್ಬರ್ ಕೈಗವಸನ್ನೂ ಇದು ಬೇಗ ಹಾಯುತ್ತದೆ. ಸಾವುಗಳನ್ನು ಕಂಡ ಮೇಲೆ ಅಮೆರಿಕ 2019ರಲ್ಲಿ ಮನೆಬಳಕೆಯ ಪೇಂಟ್ ರಿಮೂವರುಗಳಲ್ಲಿ ಇದನ್ನು ನಿಷೇಧಿಸಿತು.

ಹಾಗಾದರೆ ಆರಿಸುವುದು ಯಾವುದನ್ನು? ಬೆಂಜೈಲ್ ಆಲ್ಕೊಹಾಲಿನಿಂದಾದ ರಿಮೂವರುಗಳಿವೆ. ನಿಮಿಷಗಳ ಕೆಲಸಕ್ಕೆ ಅವು ಗಂಟೆಗಳನ್ನು ಬೇಡುತ್ತವೆ. ದಪ್ಪಗೆ ಬಳಿದು, ಒಣಗದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಾಯಬೇಕು. ಅವಕ್ಕೂ ಗಾಳಿ ಬೇಕು, ಕೈಗವಸು ಬೇಕು. ಆದರೆ ಇಷ್ಟು ಸುಲಭವಾಗಿ ಮನುಷ್ಯನನ್ನು ಕೆಡಹುವುದಿಲ್ಲ. ಉರಿಯಿಂದ ಸುಡುವುದೂ, ಒಣಗಿದ್ದಾಗಲೇ ಎಮರಿ ಕಾಗದದಿಂದ ಉಜ್ಜುವುದೂ ಬೇಡ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಬಣ್ಣ ಹೋದಮೇಲೆ ಸಂದುಗಳಲ್ಲಿ ರಿಮೂವರ್ ಉಳಿಯದಂತೆ ತೊಳೆದು ಒರೆಸಬೇಕು. ಉಳಿದರೆ ಹೊಸ ಬಣ್ಣವನ್ನೂ ಅದು ಎಬ್ಬಿಸುತ್ತದೆ. ಬರಿಯ ಉಕ್ಕಿಗೆ ಅಂದೇ ಪ್ರೈಮರ್ ಹಚ್ಚದಿದ್ದರೆ ತುಕ್ಕು ಕಾದಿರುತ್ತದೆ.

ಮೇಸ್ತ್ರಿಗೆ ಇದನ್ನೆಲ್ಲ ಹೇಳಿದಾಗ, "ಎರಡು ದಿನ ಹೆಚ್ಚಾಗುತ್ತೆ ಮೇಷ್ಟ್ರೇ, ಕೂಲಿಯೂ ಹೆಚ್ಚು" ಎಂದರು. ಒಪ್ಪಿಕೊಂಡೆ. ಮಳೆ ಬಿಟ್ಟಮೇಲೆ ಅಂಗಳದ ಹೊಂಗೆಮರದ ಕೆಳಗೆ ಅದೇ ಹುಡುಗ ಬಾನೆಟ್ಟನ್ನು ಕೆರೆದು ಮುಗಿಸಿದ. ತೂತುಬಿದ್ದ ನನ್ನ ಮುಚ್ಚಳ ಈಗ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ.