ಹೆಣ್ಣುನಾಯಿಯ ಮೊಲೆಗಡ್ಡೆ ಮತ್ತು ಹಾರ್ಮೋನುಗಳು

ತೋಟ ಕಾಯುವ ಹೆಣ್ಣುನಾಯಿಗೆ ಏಳೆಂಟು ವರ್ಷ ದಾಟಿದ ಮೇಲೆ ಮೊಲೆಸಾಲಿನಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಗುವುದುಂಟು. ಹಾಲು ಕಟ್ಟಿರಬೇಕೆಂದು ಅರಿಶಿನ ಹಚ್ಚಿ ಸುಮ್ಮನಾಗುವುದು ತಪ್ಪು. ಇಂತಹ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರೇ. ಅದು ಶ್ವಾಸಕೋಶಕ್ಕೂ ಹರಡಬಲ್ಲದು.

ಇದರ ಬೇರು ಅಂಡಾಶಯದಲ್ಲಿದೆ. ಬೆದೆಗೆ ಬಂದಾಗಲೆಲ್ಲ ಅಲ್ಲಿಂದ ಈಸ್ಟ್ರೊಜೆನ್, ಅದರ ಹಿಂದೆಯೇ ಪ್ರೊಜೆಸ್ಟೆರೋನ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಹಸುವಿನಂತಲ್ಲ, ನಾಯಿಯಲ್ಲಿ ಗರ್ಭ ಕಟ್ಟದಿದ್ದರೂ ಪ್ರೊಜೆಸ್ಟೆರೋನಿನ ಪ್ರಭಾವ ಸುಮಾರು ಎರಡು ತಿಂಗಳು ಇರುತ್ತದೆ. ಅದರ ಪ್ರಚೋದನೆಯಿಂದ ಮೊಲೆಯ ಅಂಗಾಂಶ ತಾನೇ ಬೆಳವಣಿಗೆಯ ಹಾರ್ಮೋನನ್ನು ತಯಾರಿಸುತ್ತದೆ. ಜೀವಕೋಶಗಳು ಹೀಗೆ ಮತ್ತೆ ಮತ್ತೆ ಹೆಚ್ಚುವಾಗ ಯಾವುದೋ ಒಂದು ಹತೋಟಿ ತಪ್ಪುತ್ತದೆ.

ಅಮೆರಿಕದಲ್ಲಿ ಶ್ನೈಡರ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಅಂಡಾಶಯ ತೆಗೆಸದ ನಾಯಿಯ ಅಪಾಯ 100 ಎಂದಾದರೆ, ಮೊದಲ ಬೆದೆಗೆ ಮುಂಚೆ ತೆಗೆಸಿದ್ದಕ್ಕೆ ಅರ್ಧ, ಒಂದು ಬೆದೆಯ ಬಳಿಕ 8, ಎರಡು ಅಥವಾ ಹೆಚ್ಚು ಬೆದೆ ಕಳೆದ ಮೇಲೆ 26. ಅಂಕಿಗಳು ಇಷ್ಟು ಖಚಿತವೇ ಎಂದು 2012ರ ಒಂದು ಪರಿಶೀಲನೆ ಪ್ರಶ್ನಿಸಿದೆ. ದೊಡ್ಡ ತಳಿಗಳಲ್ಲಿ ತೀರ ಎಳೆತನದ ಶಸ್ತ್ರಚಿಕಿತ್ಸೆಯಿಂದ ಕೀಲಿನ ತೊಂದರೆಯೂ ಬರಬಹುದು. ಆದ್ದರಿಂದ ವಯಸ್ಸನ್ನು ಪಶುವೈದ್ಯರೊಡನೆ ಮಾತಾಡಿ ನಿರ್ಧರಿಸಬೇಕು.

ಬೆದೆ ತಡೆಯುವ ಚುಚ್ಚುಮದ್ದು ಅಗ್ಗವೆನಿಸಬಹುದು. ಆದರೆ ಅದರಲ್ಲಿರುವುದು ಪ್ರೊಜೆಸ್ಟೆರೋನಿನ ಜಾತಿಯ ಔಷಧವೇ, ಗಡ್ಡೆಗೆ ಗೊಬ್ಬರ ಹಾಕಿದಂತೆ! ಒಂದು ಸಲ ಮರಿ ಹಾಕಿಸಿದರೆ ರೋಗ ಬಾರದೆಂಬ ಮಾತಿಗೂ ಆಧಾರವಿಲ್ಲ.

ಉಣ್ಣೆ ಹೆಕ್ಕುವಾಗ ಹಿಂದಿನ ಎರಡು ಜೊತೆ ಮೊಲೆಗಳನ್ನು ಸವರಿ ನೋಡಿರಿ. ಗಡ್ಡೆ ಹೆಚ್ಚಾಗಿ ಅಲ್ಲೇ. 3 ಸೆಂಟಿಮೀಟರ್ ಮುಟ್ಟುವ ಮೊದಲೇ ತೆಗೆಸಿದರೆ ನಾಯಿ ಉಳಿಯುವ ಸಂಭವ ಹೆಚ್ಚು.